ಹುಣಸೆಮರದ ಬಾಣಂತನ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ಸಿಗುವ ಮೊದಲೇ ರುದ್ರಾಕ್ಷಿಪುರ ಬರುತ್ತದೆ. ಅಲ್ಲಿ ಎಡಕ್ಕೆ ಹೊರಳಿ, ಕಬ್ಬಿನ ಗದ್ದೆ, ಹಿಪ್ಪುನೇರಳೆ ತೋಟಗಳ ನಡುವೆ ಹನ್ನೆರಡು ಕಿಲೋಮೀಟರ್ ಸಾಗಿದರೆ ಕೊಕ್ಕರೆ ಬೆಳ್ಳೂರು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೋದವರಿಗೆ ಈ ಊರು ಕಣ್ಣಿಗೆ ಬೀಳುವ ಮುಂಚೆ ಕಿವಿಗೆ, ಮೂಗಿಗೆ ಸಿಗುತ್ತದೆ. ಮರಿಗಳ ಕಿರುಚಾಟ, ಕೊಕ್ಕುಗಳ ಟಕಟಕ, ಮೀನಿನ ಕಮಟು ವಾಸನೆ. ಹೆಂಚಿನ ಮನೆಗಳ ಮೇಲೆ ಬಾಗಿದ ಹುಣಸೆಮರಗಳ ಎಲೆಗಳಿಗೆ ಸುಣ್ಣ ಬಳಿದಂತೆ ಹಿಕ್ಕೆ ಮೆತ್ತಿರುತ್ತದೆ. ಆ ಮರಗಳ ನೆತ್ತಿಯಲ್ಲಿ, ಐದಾರು ಕಿಲೋ ತೂಗುವ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಕ್ಕಿ ಹರಡುವ ಹೆಜ್ಜಾರ್ಲೆಗಳು ಸಂಸಾರ ಹೂಡಿರುತ್ತವೆ. ಕೆಳಗೆ ಜಗಲಿಯಲ್ಲಿ ಕೂತವರು ಅವರೆಕಾಯಿ ಸುಲಿಯುತ್ತಿರುತ್ತಾರೆ. ಮೇಲಿನವರಿಗೆ ಕೆಳಗಿನವರ ಹೆದರಿಕೆಯಿಲ್ಲ, ಕೆಳಗಿನವರಿಗೆ ಮೇಲಿನವರ ಬೇಸರವಿಲ್ಲ.

ಈ ಹಕ್ಕಿಗಳು ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಎಂಬುದು ಊರಿನವರ ಮಾತು. ಮಗಳು ಬಾಣಂತನಕ್ಕೆ ಬಂದಾಗ ಮನೆ ಗಲೀಜಾಯಿತು ಎಂದು ಯಾವ ತಾಯಿಯೂ ಗೊಣಗುವುದಿಲ್ಲ. ಅವಳು ಬಾರದೇ ಹೋದರೆ ಚಿಂತೆಗೆ ಬೀಳುತ್ತಾಳೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನಾಗಿರುತ್ತದೆ ಎಂಬ ನಂಬಿಕೆಯೂ ಇದರ ಜೊತೆಗೇ ಬೆಳೆದು ಬಂದಿದೆ. ಬೆಳ್ಳೂರಿಗೆ ಬಂದುಹೋದ ಬಹುತೇಕರು ಈ ಮಾತನ್ನು ಕೇಳಿಸಿಕೊಂಡು, ಮೆಚ್ಚಿಕೊಂಡು ಹೋಗಿದ್ದಾರೆ. ಆದರೆ ಈ ಅಕ್ಕರೆಯ ಅಡಿಯಲ್ಲಿ ಗಟ್ಟಿಯಾದ ಒಂದು ಲೆಕ್ಕವೂ ಇತ್ತು. ಮರ ಯಾರದು, ಗೊಬ್ಬರ ಎಷ್ಟು, ಹುಣಸೆಹಣ್ಣಿಗೆ ಏನು ಬೆಲೆ ಎಂಬ ಲೆಕ್ಕ. ಹೆಜ್ಜಾರ್ಲೆಗಳ ಸಂಖ್ಯೆ ಒಂದೂವರೆ ಶತಮಾನದಲ್ಲಿ ಏರಿಳಿದ ಕಥೆ ಹೇಳಹೊರಟರೆ ಹಿತ್ತಲಿನ ಈ ಲೆಕ್ಕವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಮೊದಲು ಹಕ್ಕಿಯ ಪರಿಚಯ. ಪಕ್ಷಿಶಾಸ್ತ್ರದ ಪುಸ್ತಕಗಳಲ್ಲಿ ಇದು ಸ್ಪಾಟ್ ಬಿಲ್ಡ್ ಪೆಲಿಕನ್, ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆ. ಮೇಲಿನ ಕೊಕ್ಕಿನ ಅಂಚಿನುದ್ದಕ್ಕೂ ನೀಲಿ ಚುಕ್ಕೆಗಳ ಸಾಲು. ಅದೇ ಈ ಹೆಸರಿಗೆ ಕಾರಣ. ಕೆಳಕೊಕ್ಕಿಗೆ ಜೋತುಬಿದ್ದ ತೊಗಲಿನ ಚೀಲವೇ ಇದರ ಬಲೆ. ನೀರಿನಲ್ಲಿ ತೇಲುತ್ತಾ ಹೋಗಿ ತಟ್ಟನೆ ಕೊಕ್ಕು ಮುಳುಗಿಸಿದರೆ ಚೀಲ ಅರಳಿ ನೀರು, ಮೀನು ಎರಡನ್ನೂ ಗೋರಿಕೊಳ್ಳುತ್ತದೆ. ಆಮೇಲೆ ಕೊಕ್ಕನ್ನು ಎದೆಗೆ ಒತ್ತಿ ನೀರು ಬಸಿದು, ತಲೆಯೆತ್ತಿ ಮೀನನ್ನು ನುಂಗುತ್ತದೆ. ಇದರ ಬಳಗದ ಬಿಳಿ ಹೆಜ್ಜಾರ್ಲೆಗಳು ದಂಡುಕಟ್ಟಿ, ಅರ್ಧಚಂದ್ರಾಕಾರದಲ್ಲಿ ಮೀನನ್ನು ಅಟ್ಟಿಕೊಂಡು ಹೋಗಿ ಹಿಡಿಯುವುದುಂಟು. ನಮ್ಮ ಹೆಜ್ಜಾರ್ಲೆ ಹೆಚ್ಚಾಗಿ ಒಂಟಿ ಬೇಟೆಗಾರ, ಅಥವಾ ಸಣ್ಣ ಗುಂಪಿನದು. ಕಾಲಿನ ನಾಲ್ಕೂ ಬೆರಳುಗಳಿಗೆ ಜಾಲಪೊರೆ ಹಬ್ಬಿದೆ. ಈಜಲು ಹೇಳಿಮಾಡಿಸಿದಂಥ ಈ ಪಾದದಲ್ಲೇ ಅದು ಮರದ ಕೊಂಬೆ ಹಿಡಿದು ಕೂರುತ್ತದೆ, ಅಲ್ಲೇ ಗೂಡು ಕಟ್ಟುತ್ತದೆ. ಬಿಳಿ ಹೆಜ್ಜಾರ್ಲೆ ನೆಲದ ಮೇಲೆ ಗೂಡು ಮಾಡುತ್ತದೆ. ಚುಕ್ಕೆ ಕೊಕ್ಕಿನದಕ್ಕೆ ಮರವಿಲ್ಲದೆ ವಂಶವಿಲ್ಲ.

ಗೂಡೆಂದರೆ ಕಡ್ಡಿಗಳ ಅಗಲವಾದ ತಟ್ಟೆ. ಅದರಲ್ಲಿ ಮೂರು, ಕೆಲವೊಮ್ಮೆ ನಾಲ್ಕು ಸುಣ್ಣಬಿಳಿ ಮೊಟ್ಟೆ. ಕಾವು ಸುಮಾರು ಒಂದು ತಿಂಗಳು. ಹುಟ್ಟಿದಾಗ ಮೈಮೇಲೆ ಒಂದು ಪುಕ್ಕವೂ ಇಲ್ಲದ ಮರಿ ಕೆಲವು ದಿನಗಳಲ್ಲಿ ಬಿಳಿ ತುಪ್ಪಳ ಹೊದ್ದುಕೊಳ್ಳುತ್ತದೆ. ಎಳೆಮರಿಗೆ ತಾಯ್ತಂದೆ ಅರೆಜೀರ್ಣವಾದ ಮೀನನ್ನು ಕಕ್ಕಿ ಉಣಿಸುತ್ತವೆ. ಬೆಳೆದ ಮರಿ ತಾನೇ ತಲೆಯನ್ನು ದೊಡ್ಡದರ ಗಂಟಲೊಳಗೆ ತೂರಿಸಿ ತಿನ್ನುತ್ತದೆ. ನೋಡುವವರಿಗೆ ಮರಿಯನ್ನೇ ನುಂಗಿಬಿಟ್ಟಿತೇನೋ ಎಂದು ಎದೆ ಧಸಕ್ಕೆನ್ನಬೇಕು. ದೊಡ್ಡ ಹೆಜ್ಜಾರ್ಲೆಗಳು ಬಹುತೇಕ ಮೂಕ ಹಕ್ಕಿಗಳು. ಊರು ತುಂಬುವ ಗಲಾಟೆಯೆಲ್ಲ ಮರಿಗಳದು. ಮರಿ ಗೂಡಿನ ಆಸುಪಾಸು ಬಿಟ್ಟು ಹೋಗಲು ಮೂರರಿಂದ ಐದು ತಿಂಗಳು ಬೇಕು. ಕಾಲು ವರ್ಷಕ್ಕೂ ಮಿಕ್ಕಿದ ಈ ಬಾಣಂತನಕ್ಕೆ ಎರಡು ವಸ್ತು ಅನಿವಾರ್ಯ: ಗಾಳಿಗೆ ಜಗ್ಗದ, ಯಾರೂ ಕೈಯಿಡದ ಮರ, ಮತ್ತು ಹಾರುವ ದೂರದಲ್ಲಿ ಮೀನಿರುವ ನೀರು.

ಹಳೆ ಮೈಸೂರು ಸೀಮೆಯ ಕೆರೆಗಳು ಎರಡನೆಯದನ್ನು ಒದಗಿಸಿಕೊಟ್ಟವು. ಇಲ್ಲಿ ಕೆರೆ ತುಂಬುವುದು ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ. ಹೆಜ್ಜಾರ್ಲೆಗಳು ಬೆಳ್ಳೂರಿಗೆ ಬರತೊಡಗುವುದೂ ಆ ಮಳೆ ಮುಗಿಯುವ ಹೊತ್ತಿಗೆ. ಬಣ್ಣದ ಕೊಕ್ಕರೆಗಳು ತುಸು ತಡವಾಗಿ ಸೇರಿಕೊಳ್ಳುತ್ತವೆ. ಚಳಿ ಕಳೆದು ಬಿಸಿಲೇರಿದಂತೆ ಕೆರೆಯ ನೀರು ಇಳಿಯುತ್ತದೆ, ಮೀನು ಕಿರಿದಾದ ಮಡುಗಳಲ್ಲಿ ದಟ್ಟೈಸುತ್ತದೆ. ಮರಿಗಳ ಹಸಿವು ಅತಿ ಹೆಚ್ಚಾಗಿರುವ ಕಾಲವೂ, ಮೀನು ಅತಿ ಸುಲಭವಾಗಿ ಸಿಗುವ ಕಾಲವೂ ಹೀಗೆ ಒಂದೇ ಆಗುತ್ತದೆ. ಶಿಂಷಾ ನದಿ, ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ ಬೆಳ್ಳೂರಿನ ಹಕ್ಕಿಗಳ ಉಗ್ರಾಣಗಳು. ಬೆಳಗಿನ ಬಿಸಿಲು ನೆಲವನ್ನು ಕಾಯಿಸಿ ಗಾಳಿ ಮೇಲೇಳುವ ಹೊತ್ತಿಗೆ ಹೆಜ್ಜಾರ್ಲೆಗಳು ಊರ ಮೇಲೆ ಸುತ್ತು ಹಾಕುತ್ತಾ, ರೆಕ್ಕೆ ಬಡಿಯದೆ ಎತ್ತರಕ್ಕೇರಿ, ಅಲ್ಲಿಂದ ಕೆರೆಗಳ ದಿಕ್ಕಿಗೆ ಜಾರುತ್ತವೆ. ಮೇ ತಿಂಗಳು ಮುಗಿಯುವುದರೊಳಗೆ ಮರಿಗಳ ಜೊತೆ ಗುಂಪುಗುಂಪಾಗಿ ಊರು ಬಿಡುತ್ತವೆ.

ಊರ ನಡುವಿನ ಮರವನ್ನೇ ಈ ಹಕ್ಕಿ ಆರಿಸಿಕೊಳ್ಳುವುದು ಹೊಸ ಸಂಗತಿಯಲ್ಲ. ಮದರಾಸು ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1862ರಿಂದ 1864ರವರೆಗೆ ಭಾರತದ ಹಕ್ಕಿಗಳ ಕುರಿತ ತನ್ನ ದೊಡ್ಡ ಗ್ರಂಥವನ್ನು ಹೊರತಂದ. ಕರ್ನಾಟಿಕ್ ಪ್ರಾಂತ್ಯದ ಹಳ್ಳಿಯೊಂದರ ನಡುವೆ, ಅಷ್ಟೇನೂ ಎತ್ತರವಲ್ಲದ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದನ್ನು ತಾನು ಕಂಡದ್ದಾಗಿ ಅದರಲ್ಲಿ ಬರೆದಿದ್ದಾನೆ. ತಲೆತಲಾಂತರದಿಂದ ಅವು ಅಲ್ಲಿಗೆ ಬರುತ್ತಿವೆ ಎಂದು ಜನ ಅವನಿಗೆ ಹೇಳಿದ್ದರು. ಸುತ್ತ ಓಡಾಡುವ ಮನುಷ್ಯರನ್ನು ಹಕ್ಕಿಗಳು ಲೆಕ್ಕಿಸದೇ ಇದ್ದುದು ಅವನಿಗೆ ವಿಶೇಷವಾಗಿ ತೋರಿತ್ತು. ಹಳ್ಳಿಯ ಹೆಸರನ್ನು ಅವನು ಕೊಡಲಿಲ್ಲ. ಆದರೂ ಒಂದು ವಿಷಯ ಸ್ಪಷ್ಟ: ದಖ್ಖನಿನ ದಕ್ಷಿಣಕ್ಕೆ ಹೆಜ್ಜಾರ್ಲೆಯೂ ಹಳ್ಳಿಗರೂ ಒಂದೇ ಮರವನ್ನು ಹಂಚಿಕೊಂಡು ಬಾಳುವ ರೂಢಿ ಜೆರ್ಡನ್ನನ ಕಾಲಕ್ಕೇ ಹಳೆಯದಾಗಿತ್ತು.

ಆಗ ಈ ಹಕ್ಕಿ ದಕ್ಷಿಣ, ಆಗ್ನೇಯ ಏಷ್ಯಾದ ಉದ್ದಗಲಕ್ಕೂ ಇತ್ತು. 1789ರಲ್ಲಿ ಜರ್ಮನಿಯ ನಿಸರ್ಗವಿಜ್ಞಾನಿ ಗ್ಮೆಲಿನ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಾಗ ಫಿಲಿಪ್ಪೀನ್ಸ್ ದ್ವೀಪಗಳನ್ನು ನೆನೆದು ‘ಫಿಲಿಪ್ಪೆನ್ಸಿಸ್’ ಎಂದ. ಪೂರ್ವ ಬಂಗಾಳದ ಕೆಲವು ಬೆಸ್ತರು ಪಳಗಿಸಿದ ಹೆಜ್ಜಾರ್ಲೆಯನ್ನು ನೀರಿನಲ್ಲಿ ಬಿಟ್ಟು ಮೀನು ಹಿಡಿಯುತ್ತಿದ್ದರು. ಅದರ ಮೈಯಿಂದ ಒಸರುವ ಎಣ್ಣೆಗೆ ಕೆಲವು ಜಾತಿಯ ಮೀನುಗಳು ಮುತ್ತುತ್ತವೆ ಎಂದು ಅವರು ನಂಬಿದ್ದರು. ಬರ್ಮಾದ ಸಿತ್ತಾಂಗ್ ನದಿಯ ಬಯಲಿನ ಕಾಡಿನಲ್ಲಿ 1877ರಲ್ಲಿ ಯೂಜೀನ್ ಓಟ್ಸ್ ಕಂಡ ಹೆಜ್ಜಾರ್ಲೆಗಳ ಊರಂತೂ ಮೈಲುಗಟ್ಟಲೆ ಹಬ್ಬಿತ್ತು. ಅಲ್ಲಿದ್ದ ಹಕ್ಕಿಗಳ ಅಂದಾಜನ್ನು ಅವನು ಲಕ್ಷಗಳಲ್ಲಿ ಮಾಡಬೇಕಾಯಿತು.

ಆ ಊರು ಇಂದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಸಾವಿರಗಟ್ಟಲೆ ಹಕ್ಕಿಗಳು ಉಳಿದಿದ್ದವು, ಆಮೇಲೆ ಅವೂ ಕಾಣದಾದವು. ಹಕ್ಕಿಗೆ ಹೆಸರು ಕೊಟ್ಟ ಫಿಲಿಪ್ಪೀನ್ಸ್‌ನಲ್ಲಿ 1900ರ ಆಸುಪಾಸಿಗೆ ಹೇರಳವಾಗಿದ್ದ ಹೆಜ್ಜಾರ್ಲೆ 1960ರ ದಶಕಕ್ಕೆ ಪೂರ್ತಿ ಅಳಿಯಿತು. ಭಾರತದಲ್ಲೂ ಇದೇ ಬಗೆಯ ಕಥೆಗಳಿವೆ. 1902ರಲ್ಲಿ ಕಡಪ ಜಿಲ್ಲೆಯ ಬುಚ್ಚುಪಲ್ಲೆ ಎಂಬಲ್ಲಿ ಬಣ್ಣದ ಕೊಕ್ಕರೆಗಳ ಜೊತೆ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದು ದಾಖಲಾಯಿತು. ಆಮೇಲೆ ಹುಡುಕಿದವರಿಗೆ ಅಲ್ಲಿ ಏನೂ ಸಿಗಲಿಲ್ಲ. ಮಲಯಾಳಂನಲ್ಲಿ ‘ಇಂದುಚೂಡನ್’ ಎಂಬ ಹೆಸರಿನಿಂದ ಹಕ್ಕಿಗಳ ಬಗ್ಗೆ ಬರೆದು ಮನೆಮಾತಾದ ಕೆ.ಕೆ. ನೀಲಕಂಠನ್ 1946ರಲ್ಲಿ ಆಂಧ್ರದ ಕೊಲ್ಲೇರು ಸರೋವರದ ಸೀಮೆಯಲ್ಲಿ ಸುಮಾರು ಮೂರು ಸಾವಿರ ಹೆಜ್ಜಾರ್ಲೆಗಳು ಗೂಡು ಮಾಡಿದ್ದನ್ನು ಪತ್ತೆ ಮಾಡಿದರು. ದೇಶದಲ್ಲೇ ಅತಿ ದೊಡ್ಡ ನೆಲೆಗಳಲ್ಲಿ ಒಂದಾಗಿದ್ದ ಅದು 1975ರ ಹೊತ್ತಿಗೆ ಬರಿದಾಯಿತು. ಗೂಡಿನ ಮರ ಕಡಿದರೆ, ಮೊಟ್ಟೆ ಮರಿಗಳನ್ನು ಕದ್ದರೆ, ಕೆರೆ ಬತ್ತಿಸಿ ಹೊಲ ಮಾಡಿದರೆ ಈ ಹಕ್ಕಿಗೆ ಹಟ ಹಿಡಿದು ನಿಲ್ಲುವ ಜಾಯಮಾನವಿಲ್ಲ. ಇಡೀ ಹಿಂಡು ಒಂದು ವರ್ಷ ಬರುವುದನ್ನೇ ನಿಲ್ಲಿಸುತ್ತದೆ.

ಹೀಗೆ ಒಂದೊಂದಾಗಿ ದೀಪ ಆರುತ್ತಿದ್ದ ಕಾಲದಲ್ಲಿ ಶಿಂಷಾ ದಡದ ಬೆಳ್ಳೂರು ತನ್ನ ಪಾಡಿಗೆ ತಾನಿತ್ತು. ಊರಿನವರು ಹೇಳುವ ಪ್ರಕಾರ ಹಳೆಯ ಬೆಳ್ಳೂರು ಇದ್ದದ್ದು ಹೊಳೆಗೆ ಇನ್ನೂ ಹತ್ತಿರ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ 1898ರಲ್ಲಿ ಬೆಂಗಳೂರನ್ನು ಮುಟ್ಟಿತು; ಅಲ್ಲಿಂದ ಮುಂದೆ ದಶಕಗಳ ಕಾಲ ಮೈಸೂರು ಸಂಸ್ಥಾನದ ಹಳ್ಳಿಗಳನ್ನು ಬಿಟ್ಟೂಬಿಡದೆ ಕಾಡಿತು. ಇಲಿ ಬಿದ್ದವು ಎಂಬ ಸುದ್ದಿ ಹಬ್ಬಿದರೆ ಸಾಕು, ಜನ ಪಾತ್ರೆಪಡಗ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕೆಲವು ಊರುಗಳಿಗೆ ಜನ ಮರಳಿದರು, ಕೆಲವಕ್ಕೆ ಮರಳಲೇ ಇಲ್ಲ. 1916ರಲ್ಲಿ ಬೆಳ್ಳೂರಿಗೂ ಆ ಗತಿ ಬಂತು. ಜನ ಹಳೆಯ ನೆಲೆ ಬಿಟ್ಟು ಈಗಿರುವ ಜಾಗದಲ್ಲಿ ಮನೆ ಕಟ್ಟಿಕೊಂಡರು. ಹಕ್ಕಿಗಳೂ ಹಳೆಯ ಮರಗಳನ್ನು ಬಿಟ್ಟು ಜನರ ಹಿಂದೆಯೇ ಹೊಸ ಊರಿಗೆ ಬಂದವು ಎಂಬುದು ಹಿರಿಯರಿಂದ ಕಿರಿಯರಿಗೆ ದಾಟಿಬಂದ ನೆನಪು.

ಈ ನೆನಪಿಗೆ ಹಕ್ಕಿಯ ಸ್ವಭಾವದಲ್ಲೇ ಆಧಾರವಿದೆ. ಮನುಷ್ಯರು ಗದ್ದಲ ಮಾಡುವ ಕಡೆ ಹದ್ದು, ಕಾಡುಬೆಕ್ಕುಗಳ ಕಾಟ ಕಡಿಮೆ. ಆ ಮನುಷ್ಯರು ತಾವೇ ಕಲ್ಲು ಹೊಡೆಯದಿದ್ದರೆ, ಹಳ್ಳಿಯ ನಡುವಿನ ಹುಣಸೆಮರಕ್ಕಿಂತ ಸುರಕ್ಷಿತ ಜಾಗ ಹೆಜ್ಜಾರ್ಲೆಗೆ ಇನ್ನೊಂದಿಲ್ಲ. ಹೊಳೆದಂಡೆಯ ಊರು ಪಾಳುಬಿದ್ದ ಮೇಲೆ ಅಲ್ಲಿ ಮರಗಳೇನೋ ಉಳಿದಿರಬಹುದು, ಕಾವಲು ಉಳಿಯಲಿಲ್ಲ. ಊರಿನ ಹೆಸರಿನ ಹಿಂದೆ ಅಂಟಿಕೊಂಡಿರುವುದು ಕೊಕ್ಕರೆ. ಲೋಕಕ್ಕೆ ಊರನ್ನು ಪರಿಚಯಿಸಿದ್ದು ಹೆಜ್ಜಾರ್ಲೆ. ಹುಣಸೆ, ಅರಳಿ, ಬಸರಿ, ಜಾಲಿ ಮರಗಳಲ್ಲಿ ಎರಡೂ ಒಂದಾಗಿ ಬಾಳುತ್ತವೆ. ಮರಿಗಳಿಗೆ ಬಿಸಿಲು ತಾಗಬಾರದೆಂದು ಗುಲಾಬಿ ಅಂಚಿನ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ನಿಲ್ಲುವ ಬಣ್ಣದ ಕೊಕ್ಕರೆಯನ್ನು ಮಾರ್ಚ್ ಬಿಸಿಲಿನಲ್ಲಿ ಅಲ್ಲಿ ಮರಮರದಲ್ಲೂ ಕಾಣಬಹುದು.

ಇನ್ನು ಲೆಕ್ಕದ ಮಾತು. ಹಕ್ಕಿ ಗೂಡು ಕಟ್ಟುವ ಮರಗಳು ಬೆಳ್ಳೂರಿನಲ್ಲಿ ಹೆಚ್ಚಿನಂಶ ಖಾಸಗಿ ಮರಗಳು. ಒಂದೊಂದು ಮರಕ್ಕೂ ಒಬ್ಬೊಬ್ಬ ಒಡೆಯ. ನೂರಾರು ಹಕ್ಕಿಗಳ ಹಿಕ್ಕೆ ತಿಂಗಳುಗಟ್ಟಲೆ ಬೀಳುವ ಮರದಡಿಯಲ್ಲಿ ರೈತರು ಗುಂಡಿ ತೋಡುತ್ತಿದ್ದರು. ಕೆರೆಯಿಂದ ಹೊಡೆದುಕೊಂಡು ಬಂದ ಗೋಡನ್ನು ಅದರಲ್ಲಿ ತುಂಬಿಸಿ ಬಿಡುತ್ತಿದ್ದರು. ಮೇಲಿಂದ ಹಿಕ್ಕೆ, ಉದುರಿದ ಮೀನಿನ ಚೂರು, ಎಲೆ ಬೀಳುತ್ತಾ ಬೀಳುತ್ತಾ ಗೋಡು ಹದವಾಗಿ ಕಳಿಯುತ್ತಿತ್ತು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಹೇರಳ. ಮುಂಗಾರಿಗೆ ಮುನ್ನ ಆ ಗೊಬ್ಬರವನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆದರೆ ರಾಗಿ, ಭತ್ತ ಎರಡಕ್ಕೂ ಕಸುವು. ಕೆರೆಯಲ್ಲಿ ಬೆಳೆದ ಮೀನು ಹಕ್ಕಿಯ ಹೊಟ್ಟೆಯ ಮೂಲಕ ಹೊಲಕ್ಕೆ ಬಂದು ಬೆಳೆಯಾಗುವ ಈ ದಾರಿಗೆ ರೈತ ಬೇರೆ ಖರ್ಚು ಮಾಡಬೇಕಿರಲಿಲ್ಲ. ಮರ ಬಿಟ್ಟುಕೊಟ್ಟರೆ ಸಾಕಿತ್ತು.

ತಮಿಳು ಸೀಮೆಯ ವೇಡಂತಾಂಗಲ್‌ನವರದೂ ಇಂಥದೇ ಲೆಕ್ಕ. ಅಲ್ಲಿ ಹಕ್ಕಿಗಳು ಕೆರೆಯ ಒಳಗಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಿಕ್ಕೆ ನೀರಿಗೆ ಬೀಳುತ್ತದೆ, ಆ ನೀರು ಕಾಲುವೆಯಲ್ಲಿ ಹರಿದು ಗದ್ದೆ ಸೇರುತ್ತದೆ. ಬೇಟೆಯ ಖಯಾಲಿಯ ಕಂಪನಿ ಸಿಪಾಯಿಗಳು ಹಕ್ಕಿಗಳಿಗೆ ಗುಂಡು ಹೊಡೆದಾಗ ಊರಿನವರು ಚೆಂಗಲ್‌ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್ ಬಳಿ ದೂರು ಒಯ್ದು, 1798ರಲ್ಲಿ ಬೇಟೆ ನಿಷೇಧಿಸುವ ಕೌಲು ಬರೆಸಿಕೊಂಡರು. 1858ರಲ್ಲಿ ಅದನ್ನು ಮತ್ತೆ ಊರ್ಜಿತ ಮಾಡಿಸಿಕೊಂಡರು. ಬೆಳ್ಳೂರಿನವರ ಕೈಯಲ್ಲಿ ಅಂಥ ಕಾಗದವಿರಲಿಲ್ಲ. ಅಲ್ಲಿದ್ದದ್ದು ಬಾಯಿಮಾತಿನ ಕಟ್ಟು: ಹಕ್ಕಿಗೆ ಕಲ್ಲು ಹೊಡೆಯಬಾರದು, ಗೂಡಿರುವ ಮರ ಹತ್ತಬಾರದು, ಬೇಟೆಗೆ ಬಂದ ಹೊರಗಿನವರನ್ನು ಊರೊಳಗೆ ಬಿಡಬಾರದು.

ಕಟ್ಟು ಸಡಿಲವಾದದ್ದು ಒಂದೇ ದಿನ ಅಲ್ಲ, ಒಂದೇ ಕಾರಣಕ್ಕೂ ಅಲ್ಲ. ಹಸಿರು ಕ್ರಾಂತಿಯ ದಶಕಗಳಲ್ಲಿ ಚೀಲದ ರಸಗೊಬ್ಬರ ಮನೆಬಾಗಿಲಿಗೆ ಬಂತು. ಗೋಡು ಹೊಡೆದು, ಗುಂಡಿ ತೋಡಿ, ತಿಂಗಳುಗಟ್ಟಲೆ ಕಾಯುವ ದುಡಿಮೆ ಭಾರವೆನಿಸತೊಡಗಿತು. ಹೊಟ್ಟೆಪಾಡಿನ ಇನ್ನೊಂದು ತಕ್ಕಡಿಯಲ್ಲಿ ಹುಣಸೆಹಣ್ಣಿನ ತೂಕ ಏರಿತು. ಹುಣಸೆ ಹಣ್ಣಾಗಿ ಬಡಿಯಲು ಸಿಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಹೆಜ್ಜಾರ್ಲೆಯ ಗೂಡಿನಲ್ಲಿ ಮರಿ ಇರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಹಣ್ಣು ಬಡಿದರೆ ಮರಿ ಬೀಳುತ್ತದೆ, ಮರಿ ಬಿಟ್ಟರೆ ಹಣ್ಣು ಕೆಡುತ್ತದೆ. ಹಿಕ್ಕೆ ಮೆತ್ತಿದ ಹಣ್ಣಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಮನೆ ಪಾಲಾದಾಗ ಮರವೂ ಪಾಲಾಯಿತು. ಮದುವೆ, ಸಾಲ, ಹೊಸ ಮನೆಯ ಖರ್ಚಿಗೆ ಮರವನ್ನು ಸೌದೆಗೋ ಇಟ್ಟಿಗೆ ಗೂಡಿಗೋ ಮಾರಿದರೆ ಕೈಗೆ ಒಮ್ಮೆಲೇ ಕಾಸು ಬರುತ್ತಿತ್ತು. ಹಕ್ಕಿಯ ಮೇಲಿನ ಅಕ್ಕರೆ ಅಷ್ಟೇ ಇದ್ದರೂ, ಅಕ್ಕರೆ ತೋರಲು ತೆರಬೇಕಾದ ಬೆಲೆ ಹೆಚ್ಚುತ್ತಾ ಹೋಯಿತು. ಹಿಂದೆ ಈಗಿನ ಹತ್ತು ಪಟ್ಟು ಹಕ್ಕಿ ಬರುತ್ತಿದ್ದವು ಎಂದು ಊರ ಹಿರಿಯರು ಹೇಳುವ ಮಾತಿನಲ್ಲಿ ಈ ಕಾಲದ ನಷ್ಟವೂ ಸೇರಿದೆ.

ಬೆಳ್ಳೂರಿನ ಹೆಜ್ಜಾರ್ಲೆಗಳ ಕಡೆ ಸರ್ಕಾರದ ಕಣ್ಣು ಹೊರಳಿದ್ದು 1976ರಲ್ಲಿ, ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮೂಲಕ. ಮುಂದೆ ಬೆಂಗಳೂರಿನ ರಸ್ತೆಗಳ ಇಕ್ಕೆಲಗಳಲ್ಲಿ ಲಕ್ಷಗಟ್ಟಲೆ ಮರ ನೆಡಿಸಿ ಹೆಸರಾದ, 2021ರಲ್ಲಿ ತೀರಿಕೊಂಡ ನೇಗಿನಹಾಳರಿಗೆ ಇಲ್ಲಿ ಎದುರಾದದ್ದು ಇಲಾಖೆಗೆ ಅಪರಿಚಿತವಾದ ಸಮಸ್ಯೆ. ಕಾಡಾದರೆ ಬೇಲಿ ಹಾಕಬಹುದು, ಕಾವಲು ಇಡಬಹುದು. ರಂಗನತಿಟ್ಟಿನಂಥ ನಡುಗಡ್ಡೆಯಾದರೆ ಸುತ್ತ ನೀರೇ ಬೇಲಿ. 1940ರಲ್ಲಿ ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಅರಸರು ಅದನ್ನು ಪಕ್ಷಿಧಾಮ ಮಾಡಿದ್ದರು. ಬೆಳ್ಳೂರಿನಲ್ಲಿ ಹಕ್ಕಿಯ ಗೂಡಿರುವುದು ರೈತನ ಅಂಗಳದಲ್ಲಿ, ಅವನಪ್ಪ ನೆಟ್ಟ ಮರದಲ್ಲಿ. ಕಡಿಯಬೇಡ ಎನ್ನಲು ಇಲಾಖೆಗೆ ಅಲ್ಲಿ ಯಾವ ಹಕ್ಕೂ ಇರಲಿಲ್ಲ. ಆಗ ಹುಟ್ಟಿದ್ದು ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ. ಗೂಡಿರುವ ಮರದ ಹಣ್ಣು ಬಡಿಯದೆ ಬಿಟ್ಟವನಿಗೆ ಆ ನಷ್ಟದ ಒಂದು ಪಾಲನ್ನು ಇಲಾಖೆ ವರ್ಷವರ್ಷ ತುಂಬಿಕೊಡುತ್ತದೆ. ಮೊತ್ತ ಸಾಲದು ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ. ಆದರೂ ಹಕ್ಕಿಯ ಬಾಣಂತನದ ಖರ್ಚನ್ನು ಒಂದು ಹಳ್ಳಿಯ ತಲೆಗೇ ಕಟ್ಟಬಾರದು ಎಂಬುದನ್ನು ಸರ್ಕಾರ ಒಪ್ಪಿಕೊಂಡ ಅಪರೂಪದ ನಿದರ್ಶನ ಇದು.

ಎರಡನೆಯ ತಿರುವು 1994ರದು. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿಗಳ ಗುಂಪು ಬೆಳ್ಳೂರಿನಲ್ಲಿ ಕೆಲಸ ಶುರು ಮಾಡಿತು. ಊರಿನ ಯುವಕರನ್ನು ಸೇರಿಸಿಕೊಂಡು ‘ಹೆಜ್ಜಾರ್ಲೆ ಬಳಗ’ ಕಟ್ಟಿತು. ಅವರ ಗಮನ ಮೊದಲು ಹೋದದ್ದು ಗೂಡಿನಿಂದ ಬೀಳುವ ಮರಿಗಳ ಕಡೆ. ಗಾಳಿಗೆ, ಕೊಂಬೆ ಮುರಿದು, ಒಡಹುಟ್ಟಿದವುಗಳ ನೂಕುನುಗ್ಗಲಿಗೆ ಪ್ರತಿ ವರ್ಷ ಮರಿಗಳು ಕೆಳಗೆ ಬೀಳುತ್ತವೆ. ಬಿದ್ದ ಮರಿಯನ್ನು ತಾಯಿ ಇಳಿದು ಬಂದು ಸಾಕುವುದಿಲ್ಲ. ನಾಯಿಯ ಬಾಯಿಗೆ ಸಿಗುವ ಮುನ್ನ ಅದನ್ನು ಎತ್ತಿ ತಂದು, ಆವರಣದಲ್ಲಿಟ್ಟು, ಮೀನು ಉಣಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಬಳಗದವರು ಕೈಗೆತ್ತಿಕೊಂಡರು. ಒಂದು ಹೆಜ್ಜಾರ್ಲೆ ಮರಿಯ ಹೊಟ್ಟೆ ತುಂಬಿಸಲು ದಿನಕ್ಕೆ ಎಷ್ಟು ಮೀನು ಬೇಕೆಂಬುದು ಬೆಳ್ಳೂರಿನ ಹುಡುಗರಿಗೆ ತಿಳಿದದ್ದು ಹೀಗೆ, ಬುಟ್ಟಿ ಹೊತ್ತು. ಗೂಡು ಎಣಿಸುವುದು, ಸಸಿ ಬೆಳೆಸುವುದು, ಶಾಲೆಯ ಮಕ್ಕಳಿಗೆ ಹೇಳಿಕೊಡುವುದು ಜೊತೆಗೆ ಸೇರಿದವು. ಈ ಅನುಭವವನ್ನು ಕೆ. ಮನು ಮತ್ತು ಸಾರಾ ಜಾಲಿ 2000ದಲ್ಲಿ ಇಂಗ್ಲಿಷ್ ಪುಸ್ತಕವಾಗಿ ಬರೆದರು. ಮೇಲೊಂದು ಹಕ್ಕಿಗಳ ಹಟ್ಟಿ, ಕೆಳಗೊಂದು ಜನರ ಹಟ್ಟಿ ಇರುವ ಎರಡು ಅಂತಸ್ತಿನ ಊರು ಎಂಬುದು ಅದರಲ್ಲಿ ಬೆಳ್ಳೂರಿನ ಚಿತ್ರ.

ಕಾನೂನು ಬೆಳ್ಳೂರನ್ನು ಹಿಡಿಯುವಷ್ಟು ಅಗಲವಾದದ್ದು ಇನ್ನೂ ತಡವಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಜಾಗವಿತ್ತು. ಜನ ವಾಸಿಸುವ, ಜನರದೇ ಒಡೆತನದ ನೆಲಕ್ಕೆ ಇರಲಿಲ್ಲ. 2002ರ ತಿದ್ದುಪಡಿ ‘ಸಮುದಾಯ ಮೀಸಲು’ ಎಂಬ ಹೊಸ ಬಗೆಯನ್ನು ಸೇರಿಸಿತು. ಊರಿನವರು ತಾವಾಗಿ ಮುಂದೆ ಬಂದರೆ, ಭೂಮಿಯ ಒಡೆತನ ಕಳೆದುಕೊಳ್ಳದೆ, ಸಮಿತಿ ಮಾಡಿಕೊಂಡು ಕಾಪಾಡಬಹುದಾದ ನೆಲ ಅದು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ವೇಡಂತಾಂಗಲ್‌ನವರಿಗೆ 1798ರಲ್ಲಿ ಸಿಕ್ಕಂಥ ಕೌಲು ಬೆಳ್ಳೂರಿನವರಿಗೆ ಎರಡು ಶತಮಾನದ ಮೇಲೆ ಕೈಸೇರಿತು.

ಅದೇ 2007ರಲ್ಲಿ ಇನ್ನೊಂದು ಸುದ್ದಿ ಬಂತು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆಯನ್ನು ‘ಆಪತ್ತಿಗೆ ಈಡಾಗಬಲ್ಲ’ ಪಟ್ಟಿಯಿಂದ ಒಂದು ಮೆಟ್ಟಿಲು ಇಳಿಸಿ, ‘ಆಪತ್ತಿಗೆ ಸಮೀಪ’ ಎಂಬ ಪಟ್ಟಿಗೆ ಹಾಕಿತು. ಆ ಹೊತ್ತಿಗೆ ಲೋಕದಲ್ಲಿ ಉಳಿದಿದ್ದ ಒಟ್ಟು ಹಕ್ಕಿಗಳ ಅಂದಾಜು 13,000ದಿಂದ 18,000. ಸಿತ್ತಾಂಗ್‌ನ ಲಕ್ಷಗಳ ಮುಂದೆ ಇದು ಹಿಡಿಯಷ್ಟು. ಆದರೂ ಇಳಿಜಾರಿನಲ್ಲಿ ಉರುಳುತ್ತಿದ್ದ ಸಂಖ್ಯೆ ನಿಂತು, ಕೆಲವು ಕಡೆ ಏರತೊಡಗಿತ್ತು. ಏರಿದ ಜಾಗಗಳನ್ನು ನೋಡಿದರೆ ಎಲ್ಲೆಡೆಯೂ ಬೆಳ್ಳೂರಿನ ಛಾಯೆ ಕಾಣುತ್ತದೆ. ಕಾಂಬೋಡಿಯಾದ ತೊನ್ಲೆ ಸಾಪ್ ಸರೋವರದ ಪ್ರೆಕ್ ತೋಲ್ ಕಾಡಿನಲ್ಲಿ ಮೊದಲು ಮೊಟ್ಟೆ, ಮರಿ ಕದಿಯುತ್ತಿದ್ದವರನ್ನೇ ಸಂಬಳ ಕೊಟ್ಟು ಕಾವಲಿಗೆ ಇಟ್ಟರು. ಮರದ ತುದಿಯ ಅಟ್ಟಣಿಗೆಯಲ್ಲಿ ಕೂತು ಅವರು ಗೂಡು ಕಾದರು, ಹಕ್ಕಿ ಹೆಚ್ಚಿತು. ಆಂಧ್ರದ ತೇಲಿನೀಲಾಪುರಂ, ಉಪ್ಪಲಪಾಡು, ತಮಿಳುನಾಡಿನ ಕೂಂತನ್‌ಕುಳಂಗಳಲ್ಲಿ ಹಳ್ಳಿಗರೇ ಹಕ್ಕಿಯ ಬೆನ್ನಿಗೆ ನಿಂತರು. ಬರಿದಾಗಿದ್ದ ಕೊಲ್ಲೇರು ಸೀಮೆಗೂ ಹೆಜ್ಜಾರ್ಲೆ ಮರಳಿದೆ. ಅಲ್ಲಿನ ಆಟಪಾಕದಲ್ಲಿ ಮರಗಳು ಸಾಲದೆ ಅರಣ್ಯ ಇಲಾಖೆ ನೀರಿನ ನಡುವೆ ಕಬ್ಬಿಣದ ಸ್ಟ್ಯಾಂಡುಗಳನ್ನು ನಿಲ್ಲಿಸಿದೆ. ಹಕ್ಕಿಗಳು ಅವನ್ನೇ ಕೊಂಬೆಯೆಂದು ಒಪ್ಪಿ ಗೂಡು ಕಟ್ಟುತ್ತಿವೆ. ಕರ್ನಾಟಕದಲ್ಲಿ ಈಗ ರಂಗನತಿಟ್ಟಿನಲ್ಲೂ ಮೈಸೂರಿನ ಕಾರಂಜಿ ಕೆರೆಯಲ್ಲೂ ಅವುಗಳ ಗೂಡುಗಳಿವೆ. ಬೆಂಗಳೂರಿನ ಹೆಬ್ಬಾಳ, ಮಡಿವಾಳ ಕೆರೆಗಳ ದಡದಲ್ಲಿ ನಡೆದಾಡುವವರಿಗೆ ಹೆಜ್ಜಾರ್ಲೆ ಮಾಮೂಲಿ ನೋಟವಾಗಿದೆ.

ನಗರದ ಕೆರೆಯಲ್ಲಿ ಹಕ್ಕಿ ಕಾಣುವುದು ಕೆರೆ ಆರೋಗ್ಯವಾಗಿದೆ ಎನ್ನುವುದಕ್ಕೆ ಸಾಕ್ಷಿಯಾಗದು. ಕೊಳಚೆ ನೀರಿನಲ್ಲೂ ಕೆಲವು ಜಾತಿಯ ಮೀನು ಕೊಬ್ಬುತ್ತವೆ, ಹೆಜ್ಜಾರ್ಲೆ ಅವನ್ನೂ ತಿನ್ನುತ್ತದೆ. ಅದರ ಅಪಾಯ ಎಂಥದೆಂದು ಬೆಳ್ಳೂರಿಗೆ ಗೊತ್ತಾದದ್ದು 2017ರ ಕೊನೆಗೆ. ಡಿಸೆಂಬರ್‌ನಿಂದ ಮೊದಲುಗೊಂಡು ಮುಂದಿನ ತಿಂಗಳುಗಳಲ್ಲಿ ಮರದಿಂದ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಒಂದು ಋತುವಿನಲ್ಲಿ ಸತ್ತ ಹಕ್ಕಿಗಳ ಲೆಕ್ಕ ಹತ್ತಾರಕ್ಕೆ ಮುಟ್ಟಿತು. ಕೊಯ್ದು ನೋಡಿದ ಪಶುವೈದ್ಯರಿಗೆ ಹೊಟ್ಟೆಯಲ್ಲಿ ದುಂಡುಹುಳುಗಳು ಸಿಕ್ಕವು. ಈ ಹುಳು ಹಕ್ಕಿಗೆ ದಾಟುವುದು ಮೀನಿನ ಮೂಲಕ. ಊರಿನವರು ಒಂದು ಹಕ್ಕಿಗೂ ಕಲ್ಲು ಹೊಡೆದಿರಲಿಲ್ಲ, ಒಂದು ಗೂಡನ್ನೂ ಮುಟ್ಟಿರಲಿಲ್ಲ. ಮಗಳಿಗೆ ತವರಿನಲ್ಲಿ ಏನೂ ಕಡಿಮೆಯಾಗದಂತೆ ನೋಡಿಕೊಂಡರೂ, ಅವಳು ಉಣ್ಣುವ ಮೀನು ಊರಿನ ಕೈಮೀರಿದ ಕೆರೆಗಳಲ್ಲಿತ್ತು. ಮೀಸಲಿನ ಗಡಿ ಊರಿಗೆ ಮುಗಿಯುತ್ತದೆ. ಹೆಜ್ಜಾರ್ಲೆಯ ಗಡಿ ತೈಲೂರು, ಮದ್ದೂರು ದಾಟಿ ಹತ್ತಾರು ಮೈಲಿ ಹಬ್ಬಿದೆ. ಮರಳು ತೆಗೆದು ಹೊಂಡಬಿದ್ದ ಶಿಂಷಾ, ಚರಂಡಿ ಹರಿದು ಸೇರುವ ಕೆರೆ, ಹೊಲದಿಂದ ಔಷಧಿ ತೊಳೆದುಕೊಂಡು ಬರುವ ಕಾಲುವೆ ಇವೆಲ್ಲ 1916ರಲ್ಲಿ ಊರು ಬದಲಿಸಿದ ಹಿರಿಯರ ಲೆಕ್ಕದಲ್ಲಿ ಇರದಿದ್ದ ಬಾಬತ್ತುಗಳು.

ಮೇ ಕೊನೆಗೆ ಬೆಳ್ಳೂರಿನ ಮರಗಳು ಖಾಲಿಯಾಗುತ್ತವೆ. ಮೊದಲ ಮುಂಗಾರು ಮಳೆ ಎಲೆಗಳ ಸುಣ್ಣವನ್ನು ತೊಳೆದು ಹುಣಸೆಯನ್ನು ಮತ್ತೆ ಹಸಿರು ಮಾಡುತ್ತದೆ. ಗುಂಡಿ ತೋಡುವ ಪದ್ಧತಿಯನ್ನು ಬಿಡದ ಮನೆಗಳಲ್ಲಿ ಗೊಬ್ಬರ ತೆಗೆಯುವ ಕೆಲಸ ಸಾಗುತ್ತದೆ. ಹಿತ್ತಲುಗಳಲ್ಲಿ ಅಲ್ಲಲ್ಲಿ ಜಾಲಿಮುಳ್ಳಿನ ಬೇಲಿಯೊಳಗೆ ಅರಳಿ, ಬಸರಿಯ ಎಳೆಸಸಿಗಳು ನಿಂತಿವೆ. ಮುರಿದುಬಿದ್ದ, ಕಡಿದುಹೋದ ಹಳೆಯ ಮರಗಳ ಜಾಗ ತುಂಬಲೆಂದು ನೆಟ್ಟವು. ಮೊಟ್ಟೆ, ಮರಿ, ಐದಾರು ಕಿಲೋದ ಜೋಡಿಹಕ್ಕಿ, ಅವುಗಳ ಕಡ್ಡಿಯ ಗೂಡು, ಇಷ್ಟು ಭಾರ ಹೊರುವ ಕೊಂಬೆ ಬಲಿಯಲು ಆ ಸಸಿಗಳಿಗೆ ಇನ್ನೂ ಹದಿನೈದು ಇಪ್ಪತ್ತು ಮಳೆಗಾಲ ಬೇಕು. ಮಳೆ ಬಿಡುವು ಕೊಟ್ಟ ದಿನ ಬೇಲಿಯ ಮುಳ್ಳು ಸರಿಪಡಿಸಿ, ಆಡು ನುಗ್ಗದಂತೆ ಕಟ್ಟಿ, ಬುಡಕ್ಕೆ ಒಂದು ಬಾಂಡ್ಲಿ ಹಕ್ಕಿಗೊಬ್ಬರ ಸುರಿಯುವುದು ಆ ಮನೆಯವರ ಕೆಲಸ.